ಹಾಡಿನ ವೇದಿಕೆಯ ಹೊಸ ನಿರೂಪಕ: ಪ್ರೇಕ್ಷಕಾಭಿಪ್ರಾಯದ ಸ್ವರೂಪ

೧. ಪೀಠಿಕೆ

ಕಿರುತೆರೆಯ ಹಾಡಿನ ಸ್ಪರ್ಧೆಯೊಂದಕ್ಕೆ ಹೊಸ ನಿರೂಪಕರು ಬಂದ ವಾರದಲ್ಲಿ ಮನೆಮನೆಗಳಲ್ಲಿ ನಡೆಯುವ ಮಾತುಕತೆಗೆ ಒಂದು ನಿಶ್ಚಿತವಾದ ಜಾಡು ಇರುತ್ತದೆ. ‘ಹಿಂದಿನವರ ಹಾಗಿಲ್ಲ’ ಎಂದು ಒಬ್ಬರು ಹೇಳಿದರೆ ‘ಮಾತು ಅತಿಯಾಯಿತು’ ಎಂದು ಇನ್ನೊಬ್ಬರು ಸೇರಿಸುತ್ತಾರೆ. ‘ನುಡಿ ಸ್ವಚ್ಛವಾಗಿದೆ’, ‘ಮಕ್ಕಳನ್ನು ಮಾತನಾಡಿಸುವ ರೀತಿ ಹಿತವಾಗಿದೆ’, ‘ನಗು ಸಹಜವಲ್ಲ’, ‘ಹಾಡಿನ ಗಂಧವೇ ಇಲ್ಲದವರನ್ನು ಏಕೆ ನಿಲ್ಲಿಸಿದರು’ ಎಂದು ಅಭಿಪ್ರಾಯಗಳು ಬೆಳೆಯುತ್ತ ಹೋಗುತ್ತವೆ. ಮರುದಿನಕ್ಕೆ ಈ ಮಾತುಗಳು ಮರೆತುಹೋಗುತ್ತವೆ. ಇವನ್ನು ವಿಮರ್ಶೆಯೆಂದು ಯಾರೂ ಕರೆಯುವುದಿಲ್ಲ, ಸಂಗ್ರಹಿಸುವವರೂ ವಿರಳ.

ಸಾಹಿತ್ಯ ವಿಮರ್ಶೆಯು ಓದುಗನನ್ನು ಕುರಿತು, ಜಾನಪದ ಅಧ್ಯಯನವು ಬಯಲಾಟದ ಪ್ರೇಕ್ಷಕನನ್ನು ಕುರಿತು ಸಾಕಷ್ಟು ವಿವೇಚಿಸಿವೆ. ಕಿರುತೆರೆಯ ಪ್ರೇಕ್ಷಕನಾದರೋ ಬಹುಮಟ್ಟಿಗೆ ಅಂಕಿಸಂಖ್ಯೆಯಾಗಿಯೇ ಉಳಿದಿದ್ದಾನೆ. ಆದರೆ ಹಗುರವಾಗಿ ಕಾಣುವ ಆತನ ಮಾತಿನ ಒಳಗೆ ಕಲೆ, ಭಾಷೆ ಮತ್ತು ನಡವಳಿಕೆಗಳನ್ನು ಕುರಿತ ಖಚಿತವಾದ ಮಾನದಂಡಗಳು ಅಡಗಿವೆ. ಹೊಸ ನಿರೂಪಕನು ಬಂದಾಗ ಅವು ಎದ್ದು ಕಾಣುತ್ತವೆ. ಹಳಬನು ಇರುವಷ್ಟು ಕಾಲ ಅಭ್ಯಾಸವು ಮಾನದಂಡವನ್ನು ಮರೆಸಿರುತ್ತದೆ. ಹೊಸಬನು ಬಂದೊಡನೆ ಪ್ರೇಕ್ಷಕನು ತಾನು ಇಷ್ಟು ದಿನ ಏನನ್ನು ಮೆಚ್ಚಿದ್ದೆ ಎಂಬುದನ್ನು ಹೇಳಬೇಕಾಗುತ್ತದೆ. ಭಾರತೀಯ ಭಾಷೆಗಳ, ಅದರಲ್ಲಿಯೂ ಕನ್ನಡ, ತೆಲುಗು ಮತ್ತು ಹಿಂದಿಯ, ಕೆಲವು ಹಾಡಿನ ಸ್ಪರ್ಧೆಗಳನ್ನು ಆಧಾರವಾಗಿಟ್ಟುಕೊಂಡು ಈ ಅಭಿಪ್ರಾಯದ ಸ್ವರೂಪವನ್ನೂ ಬೆಲೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪರಂಪರೆಯಲ್ಲಿ ನಿರೂಪಕ ಮತ್ತು ಪ್ರೇಕ್ಷಕ

ನಿರೂಪಕ ಎಂಬ ಹೆಸರು ಹೊಸದಾದರೂ ಆ ಸ್ಥಾನ ಹಳೆಯದು. ಸಂಸ್ಕೃತ ನಾಟಕದ ಸೂತ್ರಧಾರನು ಪ್ರಸ್ತಾವನೆಯಲ್ಲಿ ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಸಭೆಗೆ ತಿಳಿಸಿ, ಪಾತ್ರಗಳಿಗೆ ರಂಗವನ್ನು ಬಿಟ್ಟುಕೊಟ್ಟು ಹಿಂದೆ ಸರಿಯುತ್ತಾನೆ. ಯಕ್ಷಗಾನದ ಭಾಗವತನು ಹಿಂದೆ ಸರಿಯದೆ ಇರುಳಿಡೀ ರಂಗದ ಮೇಲೆಯೇ ಇದ್ದು, ಹಾಡಿ, ಪಾತ್ರಗಳನ್ನು ಮಾತನಾಡಿಸಿ, ಕಥೆಯ ವೇಗವನ್ನು ನಿಯಂತ್ರಿಸುತ್ತಾನೆ. ಅವನನ್ನು ‘ಮೊದಲನೆಯ ವೇಷ’ ಎಂದು ಕರೆಯುವ ರೂಢಿ ಅರ್ಥಪೂರ್ಣವಾದುದು. ಮೇಳಕ್ಕೆ ಹೊಸ ಭಾಗವತನು ಬಂದಾಗ ಕರಾವಳಿಯ ಊರುಗಳಲ್ಲಿಯೂ, ಅಲ್ಲಿಂದ ಬಂದು ನೆಲೆಸಿದವರ ಮುಂಬಯಿಯ ಸಭಾಗೃಹಗಳಲ್ಲಿಯೂ ನಡೆಯುವ ಚರ್ಚೆಯನ್ನು ಬಲ್ಲವರಿಗೆ, ಟಿ.ವಿ. ನಿರೂಪಕನನ್ನು ಕುರಿತ ಚರ್ಚೆ ಅಪರಿಚಿತವೆನಿಸದು. ಎರಡರಲ್ಲಿಯೂ ಹೊಸಬನನ್ನು ಹಳಬನ ನೆನಪಿನ ಪಕ್ಕದಲ್ಲಿ ನಿಲ್ಲಿಸಿಯೇ ನೋಡಲಾಗುತ್ತದೆ.

ಪ್ರೇಕ್ಷಕನ ಅಭಿಪ್ರಾಯವನ್ನು ಶಾಸ್ತ್ರದ ವಿಷಯವಾಗಿ ಮೊದಲು ಎತ್ತಿಕೊಂಡವನು ಭರತ. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಮಾನುಷೀ ಮತ್ತು ದೈವೀ ಎಂದು ಎರಡಾಗಿ ವಿಂಗಡಿಸುತ್ತದೆ. ಪ್ರೇಕ್ಷಕರು ನಗುವುದು, ‘ಸಾಧು’ ಎನ್ನುವುದು, ‘ಅಹೋ’ ಎಂದು ಬೆರಗಾಗುವುದು, ‘ಕಷ್ಟಂ’ ಎಂದು ಮರುಗುವುದು, ರೋಮಾಂಚನಗೊಳ್ಳುವುದು, ಎದ್ದು ನಿಲ್ಲುವುದು, ಉಡುಪನ್ನೋ ಉಂಗುರವನ್ನೋ ಎಸೆದು ಮೆಚ್ಚುಗೆ ತೋರುವುದು ಮಾನುಷೀ ಸಿದ್ಧಿಯ ಲಕ್ಷಣಗಳು. ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಸಭೆ ತುಂಬಿ ಕುಳಿತಿರುವುದು ದೈವೀ ಸಿದ್ಧಿಯ ಕುರುಹು. ಹಾಡು ಮುಗಿದಾಗ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ಇಂದಿನ ಕಾರ್ಯಕ್ರಮಗಳು ದೊಡ್ಡ ಗೌರವವಾಗಿ ಪ್ರದರ್ಶಿಸುತ್ತವೆ. ಭರತನ ಎಣಿಕೆಯಲ್ಲಿ ಅದಕ್ಕಿಂತ ಮೇಲಿನದು ಮೌನ.

ಇದೇ ಅಧ್ಯಾಯದ ಇನ್ನೆರಡು ಮಾತುಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಆದರ್ಶ ಪ್ರೇಕ್ಷಕನಿಗಿರಬೇಕಾದ ಗುಣಗಳನ್ನು ಪಟ್ಟಿಮಾಡಿದ ಮೇಲೆ ಭರತನು, ಈ ಎಲ್ಲ ಗುಣಗಳೂ ಒಬ್ಬನಲ್ಲಿ ಸಿಗಲಾರವು ಎಂದು ಒಪ್ಪಿಕೊಂಡು, ವಯಸ್ಸು ಮತ್ತು ಸ್ವಭಾವಗಳಿಗೆ ತಕ್ಕಂತೆ ರುಚಿ ಬೇರೆಬೇರೆಯಾಗುವುದನ್ನು ಹೇಳುತ್ತಾನೆ. ಎರಡನೆಯದಾಗಿ, ಪ್ರಯೋಗಕ್ಕೆ ಒದಗುವ ‘ಘಾತ’ಗಳನ್ನು, ಎಂದರೆ ಕೇಡುಗಳನ್ನು, ಅವುಗಳ ಮೂಲಕ್ಕನುಗುಣವಾಗಿ ವಿಂಗಡಿಸುತ್ತಾನೆ. ನಟನಿಂದಲೇ ಹುಟ್ಟಿದವು ಆತ್ಮಸಮುತ್ಥ. ಇತರರಿಂದ ಬಂದೊದಗಿದವು ಪರಸಮುತ್ಥ. ದೈವದಿಂದ ಮತ್ತು ಉತ್ಪಾತದಿಂದ ಬಂದವು ಬೇರೆ. ಹೊಸ ನಿರೂಪಕನನ್ನು ಕುರಿತ ಅಭಿಪ್ರಾಯಗಳನ್ನು ತೂಗುವಾಗ ಈ ವಿಂಗಡಣೆ ಎಷ್ಟು ಉಪಯುಕ್ತ ಎಂಬುದು ಮುಂದೆ ತಿಳಿಯುತ್ತದೆ.

ಕನ್ನಡದ ಮಟ್ಟಿಗೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮಾತು ಎಲ್ಲರಿಗೂ ತಿಳಿದದ್ದು. ಈ ನಾಡಿನ ಜನರು ಹದವರಿತು ನುಡಿಯಬಲ್ಲರು, ನುಡಿದುದನ್ನು ಅರಿತು ವಿವೇಚಿಸಲೂ ಬಲ್ಲರು, ವಿಧಿವತ್ತಾಗಿ ಓದದಿದ್ದರೂ ಕಾವ್ಯದ ಪ್ರಯೋಗವನ್ನು ಬಲ್ಲರು ಎಂಬುದು ಅದರ ಆಶಯ. ನುಡಿಯುವ ಸಾಮರ್ಥ್ಯ ಮತ್ತು ನುಡಿಯನ್ನು ತೂಗುವ ಸಾಮರ್ಥ್ಯ ಎರಡನ್ನೂ ಅಲ್ಲಿ ಜೊತೆಯಾಗಿ ಎಣಿಸಲಾಗಿದೆ. ನಿರೂಪಕ ಮತ್ತು ಪ್ರೇಕ್ಷಕರ ಸಂಬಂಧವನ್ನು ನೋಡಲು ಇದಕ್ಕಿಂತ ತಕ್ಕ ನೆಲೆ ಬೇರೆ ಬೇಕಿಲ್ಲ.

೩. ನಿರೂಪಕನ ಮೂರು ಬಗೆಗಳು

ಕಿರುತೆರೆಗೆ ಮೊದಲು ಈ ಸ್ಥಾನವನ್ನು ರೂಪಿಸಿದ್ದು ರೇಡಿಯೊ. ೧೯೫೨ರಲ್ಲಿ ರೇಡಿಯೊ ಸಿಲೋನ್‌ನಿಂದ ಪ್ರಸಾರಗೊಳ್ಳತೊಡಗಿದ ‘ಬಿನಾಕಾ ಗೀತ್‌ಮಾಲಾ’ದ ಅಮೀನ್ ಸಯಾನಿ (೧೯೩೨–೨೦೨೪) ಮುಂಬಯಿಯವರು. ಹಾಡುಗಳ ನಡುವಿನ ಮಾತೂ ಕೇಳತಕ್ಕ ವಸ್ತುವೆಂಬುದನ್ನು ದಶಕಗಳ ಕಾಲ ತೋರಿಸಿಕೊಟ್ಟವರು ಅವರು. ಅದರ ಅನಂತರ ಟಿ.ವಿ.ಯ ಹಾಡಿನ ಸ್ಪರ್ಧೆಗಳಲ್ಲಿ ಮೂರು ಬಗೆಯ ನಿರೂಪಕರನ್ನು ಗುರುತಿಸಬಹುದು.

ಮೊದಲನೆಯದು ಗೆಳೆಯನ ಬಗೆ. ೧೯೯೫ರಲ್ಲಿ ಜೀ ಟಿವಿಯಲ್ಲಿ ‘ಸಾ ರೆ ಗ ಮ’ ಆರಂಭವಾದಾಗ ಅದರ ನಿರೂಪಕರಾದ ಸೋನು ನಿಗಮ್ ಇಪ್ಪತ್ತೆರಡರ ಆಸುಪಾಸಿನ ತರುಣ. ನೌಶಾದ್, ಖಯ್ಯಾಮ್ ಅವರಂತಹ ಹಿರಿಯ ಸಂಗೀತ ನಿರ್ದೇಶಕರು ತೀರ್ಪುಗಾರರಾಗಿ ಬಂದಾಗ ನಿರೂಪಕನು ಸ್ಪರ್ಧಿಗಳ ಸಾಲಿನಿಂದಲೇ ಎದ್ದು ಬಂದವನಂತೆ ವಿನಯದಿಂದ ನಿಲ್ಲುತ್ತಿದ್ದನು. ಸ್ವತಃ ಹಾಡಬಲ್ಲವನಾದುದರಿಂದ ಸ್ಪರ್ಧಿಯ ಅಂಜಿಕೆ ಅವನಿಗೆ ತಿಳಿದಿತ್ತು.

ಎರಡನೆಯದು ಗುರುವಿನ ಬಗೆ. ೧೯೯೬ರಲ್ಲಿ ಈಟಿವಿಯ ತೆಲುಗು ವಾಹಿನಿಯಲ್ಲಿ ತೊಡಗಿದ ‘ಪಾಡುತಾ ತೀಯಗಾ’ ಮತ್ತು ಅದರ ಕನ್ನಡ ರೂಪವಾದ ‘ಎದೆ ತುಂಬಿ ಹಾಡುವೆನು’ ಇದಕ್ಕೆ ಉದಾಹರಣೆಗಳು. ಇವೆರಡರಲ್ಲಿಯೂ ನಿರೂಪಕರು ಎಸ್.ಪಿ. ಬಾಲಸುಬ್ರಹ್ಮಣ್ಯಂ (೧೯೪೬–೨೦೨೦). ಇಲ್ಲಿ ನಿರೂಪಣೆ, ತಿದ್ದುಪಡಿ ಮತ್ತು ಆಶೀರ್ವಾದಗಳು ಒಬ್ಬರಲ್ಲಿಯೇ ನೆಲೆಸಿದ್ದವು.

ಮೂರನೆಯದು ಸೇತುವೆಯ ಬಗೆ. ೨೦೦೪ರಲ್ಲಿ ಸೋನಿ ವಾಹಿನಿಯಲ್ಲಿ ‘ಇಂಡಿಯನ್ ಐಡಲ್’ ಬಂದ ಮೇಲೆ ಇದು ಪ್ರಬಲವಾಯಿತು. ಅಲ್ಲಿನ ನಿರೂಪಕರಾದ ಮಿನಿ ಮಾಥುರ್ ಮತ್ತು ಅಮನ್ ವರ್ಮಾ ಗಾಯಕರಾಗಿ ಹೆಸರಾದವರಲ್ಲ. ಸಂಗೀತದ ಅಧಿಕಾರವೆಲ್ಲ ತೀರ್ಪುಗಾರರ ಪೀಠಕ್ಕೆ ಹೋಯಿತು; ಅಂತಿಮ ನಿರ್ಣಯವು ಮೊಬೈಲ್ ಸಂದೇಶಗಳ ಮೂಲಕ ಜನರ ಮತಕ್ಕೆ ಹೋಯಿತು. ಸ್ಪರ್ಧಿ, ತೀರ್ಪುಗಾರ, ಮನೆಯಲ್ಲಿ ಕುಳಿತ ಮತದಾರ – ಈ ಮೂವರ ನಡುವೆ ಓಡಾಡುವುದು ನಿರೂಪಕನ ಕೆಲಸವಾಯಿತು. ಜೀ ಕನ್ನಡದ ‘ಸರಿಗಮಪ’ದಲ್ಲಿ ಹಂಸಲೇಖ ಅವರು ಮಹಾಗುರುಗಳಾಗಿಯೂ ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ ಅವರು ತೀರ್ಪುಗಾರರಾಗಿಯೂ ಕುಳಿತ ವೇದಿಕೆಯನ್ನು ಅನುಶ್ರೀ ನಿರೂಪಿಸಿದುದು ಇದೇ ಬಗೆಗೆ ಸೇರುತ್ತದೆ. ಇವರಲ್ಲಿ ಮೈಸೂರಿನ ವಿಜಯ್ ಪ್ರಕಾಶ್ ಅವರು ೧೯೯೯ರಲ್ಲಿ ಹಿಂದಿಯ ‘ಸಾ ರೆ ಗ ಮ’ದ ಸ್ಪರ್ಧಿಯಾಗಿದ್ದವರು ಎಂಬುದು ಈ ಕಾರ್ಯಕ್ರಮಗಳ ಒಳಸಂಬಂಧವನ್ನು ಸೂಚಿಸುತ್ತದೆ.

ಈ ಮೂರು ಬಗೆಗಳಿಗೂ ಪ್ರೇಕ್ಷಕರ ಅಳತೆಗೋಲು ಒಂದೇ ಆಗಿರಲಾರದು. ಆದರೆ ವ್ಯವಹಾರದಲ್ಲಿ ಹಲವರು ಒಂದು ಬಗೆಯ ನಿರೂಪಕನಲ್ಲಿ ಕಂಡ ಗುಣವನ್ನು ಇನ್ನೊಂದು ಬಗೆಯವನಲ್ಲಿ ಹುಡುಕುತ್ತಾರೆ. ‘ಹಾಡಿನ ಗಂಧವಿಲ್ಲ’ ಎಂಬ ಆಕ್ಷೇಪದ ಮೂಲ ಇಲ್ಲಿದೆ. ಸೇತುವೆಯ ಕೆಲಸಕ್ಕೆ ಬಂದವರನ್ನು ಗುರುವಿನ ಅಳತೆಯಿಂದ ಅಳೆದಾಗ ಹುಟ್ಟುವ ಮಾತು ಇದು.

೪. ಅನ್ಯಭಾಷಿಕ ನಿರೂಪಕನನ್ನು ಕನ್ನಡ ಒಪ್ಪಿಕೊಂಡ ಬಗೆ

ಈಟಿವಿ ಕನ್ನಡ ವಾಹಿನಿ ಆರಂಭವಾದದ್ದು ೨೦೦೦ರ ಡಿಸೆಂಬರಿನಲ್ಲಿ. ಹೈದರಾಬಾದಿನಲ್ಲಿ ನೆಲೆಗೊಂಡ ಸಂಸ್ಥೆಯೊಂದರ ಕನ್ನಡ ವಾಹಿನಿಯಲ್ಲಿ, ಚೆನ್ನೈಯಲ್ಲಿ ವಾಸವಾಗಿದ್ದ, ತೆಲುಗು ಮಾತೃಭಾಷೆಯ ಗಾಯಕರೊಬ್ಬರು ಕನ್ನಡ ಮಕ್ಕಳ ಹಾಡಿಗೆ ನಿರೂಪಕರಾಗಿ ಬಂದರು. ಕನ್ನಡದ ನಿರೂಪಣೆಗೆ ಅವರು ಹೊಸಬರೇ. ಆದರೆ ಅವರ ಕಂಠ ಕನ್ನಡಿಗರಿಗೆ ಹೊಸದಾಗಿರಲಿಲ್ಲ. ೧೯೬೭ರ ‘ನಕ್ಕರೆ ಅದೇ ಸ್ವರ್ಗ’ದಿಂದ ಮೊದಲುಗೊಂಡು ಕನ್ನಡ ಚಿತ್ರಗಳಿಗೆ ಅವರು ಹಾಡುತ್ತಲೇ ಬಂದಿದ್ದರು. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಕಾರ್ಯಕ್ರಮದ ಹೆಸರೇ ಜಿ.ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಭಾವಗೀತೆಯೊಂದನ್ನು ನೆನಪಿಗೆ ತರುತ್ತಿತ್ತು.

ಹಾಡುವ ನಾಲಗೆಯ ಕನ್ನಡ ಬೇರೆ, ಮಾತನಾಡುವ ನಾಲಗೆಯ ಕನ್ನಡ ಬೇರೆ. ಹಾಡಿನಲ್ಲಿ ಪ್ರತಿ ಅಕ್ಷರವನ್ನೂ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದ ಬಾಲಸುಬ್ರಹ್ಮಣ್ಯಂ ಅವರ ಆಡುಮಾತಿನಲ್ಲಿ ತೆಲುಗಿನ ಧಾಟಿ ಕೇಳಿಸುತ್ತಿತ್ತು. ಬೇರೊಬ್ಬರಲ್ಲಿ ದೋಷವೆನಿಸಬಹುದಾಗಿದ್ದ ಇದನ್ನು ಪ್ರೇಕ್ಷಕರು ದೋಷವೆಂದು ಎಣಿಸಲಿಲ್ಲ. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು.

ಒಂದು, ಅವರ ಅಧಿಕಾರ ಪ್ರಶ್ನಾತೀತವಾಗಿತ್ತು. ಸ್ಪರ್ಧಿ ಹಾಡುತ್ತಿದ್ದ ಹಾಡನ್ನು ಎಷ್ಟೋ ವೇಳೆ ಅವರೇ ಮೂಲದಲ್ಲಿ ಹಾಡಿರುತ್ತಿದ್ದರು. ಎರಡು, ಅವರು ಆ ಅಧಿಕಾರವನ್ನು ತಮ್ಮ ಹಿರಿಮೆಗೆ ಬಳಸದೆ ಹಾಡಿನ ಹಿಂದಿದ್ದವರತ್ತ ತಿರುಗಿಸುತ್ತಿದ್ದರು. ಸಾಹಿತ್ಯ ಯಾರದು, ಸಂಗೀತ ಯಾರದು ಎಂಬುದನ್ನು ಹೇಳಿ, ಧ್ವನಿಮುದ್ರಣದ ಸಂದರ್ಭವನ್ನು ನೆನೆದು, ಆಮೇಲೆ ಸ್ಪರ್ಧಿಯ ಶ್ರುತಿ, ಲಯ, ಉಚ್ಚಾರಗಳ ವಿಚಾರಕ್ಕೆ ಬರುತ್ತಿದ್ದರು. ಸೂತ್ರಧಾರನು ಕವಿಯ ಹೆಸರು ಹೇಳಿ ನಾಟಕವನ್ನು ತೊಡಗಿಸುವ ಮರ್ಯಾದೆಯೇ ಇದು. ಮೂರು, ಭಾಷೆಯ ಬಗ್ಗೆ ಅವರಿಗಿದ್ದ ವಿನಯ. ಮುಂದಿನ ಜನ್ಮವೊಂದಿದ್ದರೆ ಕನ್ನಡ ನಾಡಿನಲ್ಲಿ ಹುಟ್ಟಬೇಕೆಂಬ ಆಶಯವನ್ನು ಅವರು ಹಲವು ವೇದಿಕೆಗಳಲ್ಲಿ ವ್ಯಕ್ತಪಡಿಸಿದ್ದರು. ನುಡಿ ಪರಿಪೂರ್ಣವಾಗಿರುವುದಕ್ಕಿಂತ ನುಡಿಯ ಮೇಲೆ ಗೌರವವಿರುವುದನ್ನು ಪ್ರೇಕ್ಷಕರು ಹೆಚ್ಚಿನದೆಂದು ಭಾವಿಸಿದರು.

ಪ್ರೇಕ್ಷಕರ ಮಾನದಂಡಗಳು ಮೂರು ಎಂಬುದು ಈ ನಿದರ್ಶನದಿಂದ ಹೊರಡುತ್ತದೆ. ಅವು ನುಡಿ, ಅರ್ಹತೆ ಮತ್ತು ಅಂತಃಕರಣ. ಒಂದರಲ್ಲಿ ಕೊರತೆಯಿದ್ದರೆ ಉಳಿದೆರಡು ಅದನ್ನು ತುಂಬಬಲ್ಲವು. ಆದರೆ ಅಂತಃಕರಣದ ಕೊರತೆಯನ್ನು ತುಂಬುವುದು ಕಷ್ಟ. ಸ್ವಚ್ಛವಾಗಿ ನುಡಿಯುವವರೂ ಸಂಗೀತವನ್ನು ಬಲ್ಲವರೂ ಸ್ಪರ್ಧಿಯನ್ನು ಹೀಯಾಳಿಸಿದರೆ ಪ್ರೇಕ್ಷಕರು ಮನ್ನಿಸುವುದಿಲ್ಲ.

೫. ಉತ್ತರಾಧಿಕಾರದ ಕಷ್ಟ

೨೦೨೦ರ ಸೆಪ್ಟೆಂಬರ್ ೨೫ರಂದು ಬಾಲಸುಬ್ರಹ್ಮಣ್ಯಂ ನಿಧನರಾದರು. ೨೦೨೧ರ ಕೊನೆಯಲ್ಲಿ ‘ಪಾಡುತಾ ತೀಯಗಾ’ ಮತ್ತೆ ಆರಂಭವಾದಾಗ ನಿರೂಪಕರಾಗಿ ಬಂದವರು ಅವರ ಮಗ, ಗಾಯಕ ಎಸ್.ಪಿ. ಚರಣ್. ತೀರ್ಪುಗಾರರ ಪೀಠದಲ್ಲಿ ಗೀತರಚನಕಾರ ಚಂದ್ರಬೋಸ್, ಗಾಯಕಿ ಸುನೀತಾ ಮತ್ತು ವಿಜಯ್ ಪ್ರಕಾಶ್ ಇದ್ದರು. ಇದೇ ೨೦೨೧ರಲ್ಲಿ ‘ಎದೆ ತುಂಬಿ ಹಾಡುವೆನು’ ಕೂಡ, ಈಟಿವಿ ಕನ್ನಡದ ಹೊಸ ಹೆಸರಾದ ಕಲರ್ಸ್ ಕನ್ನಡದಲ್ಲಿ, ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ ಮತ್ತು ರಘು ದೀಕ್ಷಿತ್ ಅವರ ತೀರ್ಪುಗಾರಿಕೆಯಲ್ಲಿ ಮರಳಿ ಬಂದಿತು.

ಒಬ್ಬರೇ ಹೊತ್ತಿದ್ದ ಭಾರವನ್ನು ಎರಡೂ ಕಡೆಗಳಲ್ಲಿ ಹಲವರಿಗೆ ಹಂಚಿದುದು ಗಮನಾರ್ಹ. ಗುರುವಿನ ಬಗೆಯ ನಿರೂಪಕನು ಹೋದ ಮೇಲೆ ಆ ಸ್ಥಾನಕ್ಕೆ ಮತ್ತೊಬ್ಬ ವ್ಯಕ್ತಿ ಸಿಗುವುದಿಲ್ಲ. ಸ್ಥಾನವೇ ಒಡೆದು ನಿರೂಪಣೆ ಒಬ್ಬರಿಗೆ, ವಿಮರ್ಶೆ ಇನ್ನೊಬ್ಬರಿಗೆ ಹೋಗುತ್ತದೆ. ಹೆಸರು ಅದೇ ಉಳಿದುದರಿಂದ ಪ್ರೇಕ್ಷಕರ ನಿರೀಕ್ಷೆ ಮಾತ್ರ ಹಾಗೆಯೇ ಉಳಿಯುತ್ತದೆ. ಮಗನು ನಿಂತ ವೇದಿಕೆಯಲ್ಲಿ ತಂದೆಯನ್ನು ಕಾಣದೆ ಇರುವುದು ಹಳೆಯ ಪ್ರೇಕ್ಷಕರಿಗೆ ಸಾಧ್ಯವಿರಲಿಲ್ಲ. ಹೋಲುವ ಕಂಠವೂ ಅಲ್ಲಿ ಸಹಾಯಕ್ಕೆ ಬರುವಷ್ಟೇ ತೊಡಕನ್ನೂ ಒಡ್ಡುತ್ತದೆ. ತಂದೆಯಂತೆ ನಡೆದುಕೊಂಡರೆ ಅನುಕರಣೆ, ಬೇರೆಯಾಗಿ ನಡೆದುಕೊಂಡರೆ ಪರಂಪರೆಯನ್ನು ಮರೆತರೆಂಬ ಮಾತು ಬರುವುದು ಇಂತಹ ಎಲ್ಲ ಉತ್ತರಾಧಿಕಾರಿಗಳ ಪಾಡು.

ಹಿಂದಿಯ ‘ಸಾ ರೆ ಗ ಮ’ದಲ್ಲಿ ಹೀಗಾಗಲಿಲ್ಲ. ಸೋನು ನಿಗಮ್ ಅವರ ಅನಂತರ ಬೇರೆಬೇರೆ ಅವಧಿಗಳಲ್ಲಿ ಗಾಯಕ ಶಾನ್, ಸರೋದ್ ವಾದಕರಾದ ಅಮಾನ್ ಮತ್ತು ಅಯಾನ್ ಸೋದರರು, ೨೦೦೭ರಿಂದ ಆದಿತ್ಯ ನಾರಾಯಣ್ ಮೊದಲಾದವರು ನಿರೂಪಿಸಿದರು. ಪ್ರತಿ ಬಾರಿಯೂ ಹೋಲಿಕೆ ನಡೆಯಿತಾದರೂ ಕಾರ್ಯಕ್ರಮ ಮುಂದುವರಿಯಿತು. ಗೆಳೆಯನ ಸ್ಥಾನಕ್ಕೆ ಇನ್ನೊಬ್ಬ ಗೆಳೆಯನು ಬರಬಹುದು ಎಂಬುದೇ ಇದಕ್ಕೆ ಕಾರಣ. ಗಾಯನಸ್ಪರ್ಧೆಯಲ್ಲದಿದ್ದರೂ ‘ಕೌನ್ ಬನೇಗಾ ಕರೋಡ್‌ಪತಿ’ಯನ್ನು ಇಲ್ಲಿ ನೆನೆಯಬಹುದು. ೨೦೦೦ದಲ್ಲಿ ಅಮಿತಾಭ್ ಬಚ್ಚನ್ ಅವರಿಂದ ಆರಂಭವಾದ ಅದನ್ನು ೨೦೦೭ರಲ್ಲಿ ಶಾರುಖ್ ಖಾನ್ ನಿರೂಪಿಸಿದರು. ೨೦೧೦ರಲ್ಲಿ ಬಚ್ಚನ್ ಮರಳಿ ಬಂದರು. ಗಾಂಭೀರ್ಯಕ್ಕೆ ಒಗ್ಗಿದ್ದ ಪ್ರೇಕ್ಷಕರಿಗೆ ಸಲುಗೆ ಹೊಸದಾಗಿತ್ತು. ಹೊಸ ನಿರೂಪಕನ ಸಾಮರ್ಥ್ಯಕ್ಕಿಂತ ಹಳೆಯ ನಿರೂಪಕನು ನೆಲೆಗೊಳಿಸಿದ ಬಗೆಯೇ ಸ್ವೀಕಾರವನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೬. ನುಡಿಯ ಪ್ರಶ್ನೆ

ಕನ್ನಡ ನಿರೂಪಕರನ್ನು ಕುರಿತ ಅಭಿಪ್ರಾಯಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳಿಬರುವುದು ನುಡಿಗೆ ಸಂಬಂಧಿಸಿದ್ದು. ಇದರಲ್ಲಿ ಮೂರು ಎಳೆಗಳಿವೆ.

ಮೊದಲನೆಯದು ಉಚ್ಚಾರ. ಹಾಡಿನ ವೇದಿಕೆಯಲ್ಲಿ ಹಕಾರ ಬಿದ್ದುಹೋದರೆ ‘ಹಾಡು’ ಎಂಬುದು ‘ಆಡು’ ಆಗುತ್ತದೆ, ‘ಹಕ್ಕಿ’ ‘ಅಕ್ಕಿ’ಯಾಗುತ್ತದೆ. ಲಕಾರ ಳಕಾರಗಳು ಅದಲುಬದಲಾದರೆ ‘ಕಲೆ’ ಹೋಗಿ ‘ಕಳೆ’ ಉಳಿಯುತ್ತದೆ. ಸ್ಪರ್ಧಿಯ ಉಚ್ಚಾರವನ್ನು ತಿದ್ದುವ ವೇದಿಕೆಯಲ್ಲಿ ನಿರೂಪಕನ ಉಚ್ಚಾರವೇ ತಪ್ಪಿದರೆ ಪ್ರೇಕ್ಷಕರು ಆಕ್ಷೇಪಿಸುವುದು ನ್ಯಾಯವೇ. ಆದರೆ ಹಕಾರಲೋಪವು ಹಳೆಯ ಮೈಸೂರು ಪ್ರಾಂತದ ಹಲವರ ಆಡುನುಡಿಯ ಸಹಜ ಲಕ್ಷಣ ಎಂಬುದನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ವೇದಿಕೆಯ ಮೇಲೆ ಶಿಷ್ಟ ಉಚ್ಚಾರವನ್ನು ಬಯಸುವುದು ಬೇರೆ. ಆಡುನುಡಿಯವರನ್ನು ಅವಿದ್ಯಾವಂತರೆಂದು ಹಂಗಿಸುವುದು ಬೇರೆ. ಪ್ರೇಕ್ಷಕಾಭಿಪ್ರಾಯವು ಕೆಲವೊಮ್ಮೆ ಈ ಗೆರೆಯನ್ನು ದಾಟುತ್ತದೆ. ಮಂಗಳೂರು, ಧಾರವಾಡ, ಕಲಬುರಗಿಗಳ ಧಾಟಿಯನ್ನು ನಗೆಯ ವಸ್ತುವಾಗಿಸುವುದೂ ಇದೇ ಜಾತಿಯ ತಪ್ಪು.

ಎರಡನೆಯದು ಪದಗಳ ಆಯ್ಕೆ. ಸುತ್ತು, ತೀರ್ಪುಗಾರರು, ಸ್ಪರ್ಧಿ, ವಿರಾಮ ಎಂಬ ಮಾತುಗಳು ಬಳಕೆಯಲ್ಲಿರುವಾಗಲೇ ರೌಂಡ್, ಜಡ್ಜ್, ಕಂಟೆಸ್ಟೆಂಟ್, ಬ್ರೇಕ್ ಎಂಬವು ಮುನ್ನುಗ್ಗುತ್ತವೆ. ಮೈಕು, ಟ್ಯೂನು, ರೆಕಾರ್ಡಿಂಗು ಮೊದಲಾದವು ಕನ್ನಡದವೇ ಆಗಿಹೋಗಿರುವುದರಿಂದ ಅವನ್ನು ಯಾರೂ ಆಕ್ಷೇಪಿಸುವುದಿಲ್ಲ. ಕನ್ನಡದ ಮಾತು ನಾಲಗೆಯ ತುದಿಯಲ್ಲಿರುವಾಗ ಅದನ್ನು ಬದಿಗೆ ಸರಿಸುವುದನ್ನು ಮಾತ್ರ ಆಕ್ಷೇಪಿಸುತ್ತಾರೆ. ಪ್ರೇಕ್ಷಕರ ಈ ವಿವೇಚನೆ ಸೂಕ್ಷ್ಮವಾದುದು. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮವನ್ನು ೨೦೦೨ರಿಂದ ನಡೆಸಿಕೊಂಡು ಬಂದ ಡಾ. ನಾ. ಸೋಮೇಶ್ವರ ಅವರು, ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಸರಳ ವೇದಿಕೆಯಲ್ಲಿ, ತಿಳಿಗನ್ನಡದಿಂದಲೇ ಪ್ರೇಕ್ಷಕರನ್ನು ಹಿಡಿದಿಡಬಹುದೆಂದು ತೋರಿಸಿದ್ದಾರೆ.

ಮೂರನೆಯದು ಸಂಬೋಧನೆ. ‘ನೀನು’ ಎಂಬುದು ಹತ್ತು ವರ್ಷದ ಬಾಲಕಿಗೆ ಹಿತವಾಗಬಹುದು. ಗಂಡನನ್ನೂ ಮಕ್ಕಳನ್ನೂ ಕರೆತಂದು ವೇದಿಕೆ ಹತ್ತಿದ ಮಹಿಳೆಗೆ ಅದೇ ಮಾತು ಕುಂದಾಗಬಹುದು. ‘ಪುಟ್ಟಾ’, ‘ಕಂದಾ’ ಎಂಬ ವಾತ್ಸಲ್ಯದ ಕರೆಗಳು ಹಿರಿಯರ ಬಾಯಲ್ಲಿ ಒಪ್ಪುವಂತೆ ಸಮವಯಸ್ಕರ ಬಾಯಲ್ಲಿ ಒಪ್ಪುವುದಿಲ್ಲ. ಏಕವಚನ ಬಹುವಚನಗಳ ಹದವನ್ನು ನಿರೂಪಕನು ಎಲ್ಲಿ ತಪ್ಪಿದನೆಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ತಟ್ಟನೆ ಹೇಳಬಲ್ಲಳು. ಕವಿರಾಜಮಾರ್ಗಕಾರನು ಹೊಗಳಿದ ವಿವೇಚನೆ ಇಂತಹ ಕಡೆ ಇನ್ನೂ ಜೀವಂತವಾಗಿದೆ.

ಹೊರನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಒಂದು ಕಾಲಕ್ಕೆ ಮುಂಬಯಿಯ ಕನ್ನಡದ ಮಕ್ಕಳಿಗೆ ನಗರಪಾಲಿಕೆಯ ಕನ್ನಡ ಶಾಲೆಗಳೂ, ಹಗಲು ದುಡಿಯುವ ಹುಡುಗರಿಗೆ ಕನ್ನಡ ರಾತ್ರಿಶಾಲೆಗಳೂ ಭಾಷೆಯನ್ನು ಕಲಿಸಿದವು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಬೀದಿಯಲ್ಲಿ ಹಿಂದಿ ಮರಾಠಿಗಳನ್ನಾಡುವ ಇಂದಿನ ಮಗುವಿಗೆ ಮನೆಯವರ ಮಾತಿನ ಹೊರಗೆ ದೊರೆಯುವ ಕನ್ನಡ ಎಷ್ಟೋ ವೇಳೆ ಕಿರುತೆರೆಯದು ಮಾತ್ರ. ಪುಣೆ, ಚೆನ್ನೈ, ದೆಹಲಿಗಳಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ. ಧಾರಾವಾಹಿಯ ಪಾತ್ರಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತವೆ. ನಿರೂಪಕನು ಮಾತ್ರ ಮಗುವಿನ ಕಡೆಗೆ ತಿರುಗಿ ಮಾತನಾಡುತ್ತಾನೆ. ಆದುದರಿಂದ ‘ಆ ನಿರೂಪಕಿಯ ಕನ್ನಡ ಚೆನ್ನಾಗಿದೆ, ಕೇಳಿಸಿಕೊ’ ಎಂದು ತಾಯಿಯೊಬ್ಬಳು ಮಗುವಿಗೆ ಹೇಳುವಾಗ ಅವಳು ಒಬ್ಬ ಶಿಕ್ಷಕಿಯನ್ನು ಆರಿಸುತ್ತಿರುತ್ತಾಳೆ.

೭. ದೋಷ ಯಾರದು

ಭರತನ ಆತ್ಮಸಮುತ್ಥ ಮತ್ತು ಪರಸಮುತ್ಥ ಘಾತಗಳ ವಿಂಗಡಣೆಯನ್ನು, ಅರ್ಥವನ್ನು ಸ್ವಲ್ಪ ವಿಸ್ತರಿಸಿಕೊಂಡು, ಇಲ್ಲಿ ಅನ್ವಯಿಸಬೇಕು. ಉಚ್ಚಾರದೋಷ, ಸಂಬೋಧನೆಯ ಅವಿವೇಕ, ಸ್ಪರ್ಧಿಯ ಹಾಡನ್ನು ಕೇಳಿಸಿಕೊಳ್ಳದೆ ಮಾತನಾಡುವುದು – ಇವು ನಿರೂಪಕನಿಂದಲೇ ಹುಟ್ಟಿದವು. ಆದರೆ ಪ್ರೇಕ್ಷಕರು ನಿರೂಪಕನ ತಲೆಗೆ ಕಟ್ಟುವ ದೋಷಗಳಲ್ಲಿ ಹಲವು ಅವನವಲ್ಲ.

‘ಮಾತು ಅತಿಯಾಯಿತು’ ಎಂಬುದನ್ನೇ ತೆಗೆದುಕೊಳ್ಳಬಹುದು. ಫಲಿತಾಂಶ ಹೇಳುವ ಮೊದಲು ಎಳೆದಾಡುವುದು, ಪ್ರಾಯೋಜಕರ ಹೆಸರನ್ನು ಮತ್ತೆಮತ್ತೆ ಹೇಳುವುದು, ಜಾಹೀರಾತಿಗೆ ಮುನ್ನ ಕುತೂಹಲ ಕೆರಳಿಸುವುದು – ಇವೆಲ್ಲ ಕಾರ್ಯಕ್ರಮದ ರಚನೆಯೊಳಗೆ ಸೇರಿರುವಂಥವು. ಮಾತುಗಳನ್ನು ಬರೆದುಕೊಡುವವರು ಬೇರೆ ಇರುತ್ತಾರೆ. ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕೆಂದು ತೀರ್ಮಾನಿಸುವವರು ಸಂಕಲನದ ಕೋಣೆಯಲ್ಲಿರುತ್ತಾರೆ. ಆದರೆ ತೆರೆಯ ಮೇಲೆ ಕಾಣುವ ಮುಖ ಒಂದೇ. ಕಾಣದ ಕೈಗಳ ಹೊಣೆಯೆಲ್ಲ ಆ ಮುಖದ ಮೇಲೆ ಬೀಳುತ್ತದೆ.

ಕಣ್ಣೀರಿನ ವಿಚಾರ ಇದಕ್ಕಿಂತ ಗಂಭೀರವಾದುದು. ಹಾಡಲು ಬಂದ ಮಗುವನ್ನು ಮನೆಯ ಬಡತನದ, ತೀರಿಹೋದ ತಂದೆಯ ವಿಚಾರಕ್ಕೆ ಎಳೆದು, ಅದು ಬಿಕ್ಕಿದಾಗ ಕ್ಯಾಮರಾವನ್ನು ಹತ್ತಿರ ತರುವ ಪದ್ಧತಿಯನ್ನು ಪ್ರೇಕ್ಷಕರು ಮೆಚ್ಚುವುದೂ ಉಂಟು, ಹಳಿಯುವುದೂ ಉಂಟು. ಪ್ರಶ್ನೆ ಕೇಳುವ ಕೆಲಸ ನಿರೂಪಕನದು. ಪ್ರಶ್ನೆಯನ್ನು ನಿಯೋಜಿಸ�ುವುದು ವ್ಯವಸ್ಥೆ. ಆದರೂ ನಿರೂಪಕನಿಗೆ ಇಲ್ಲಿ ಸ್ವಲ್ಪ ಸ್ವಾತಂತ್ರ್ಯ ಉಳಿದಿರುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಮೃದುಗೊಳಿಸುವುದು, ಅಳುವ ಮಗುವಿನ ಹೆಗಲ ಮೇಲೆ ಕೈಯಿಟ್ಟು ಮಾತನ್ನು ಹಾಡಿನತ್ತ ತಿರುಗಿಸುವುದು, ಸ್ಪರ್ಧೆಯಿಂದ ಹೊರಹೋಗುವವರಿಗೆ ಸೋಲಿನ ಬದಲು ಅವರು ಹಾಡಿದ ಒಳ್ಳೆಯ ಹಾಡೊಂದನ್ನು ನೆನಪಿಸುವುದು – ಇಷ್ಟು ಅವನ ಕೈಯಲ್ಲಿದೆ. ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಕುರಿತು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಮಾರ್ಗಸೂಚಿಗಳನ್ನು ರೂಪಿಸಿದೆ. ೨೦೧೯ರ ಜೂನ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ನೃತ್ಯಸ್ಪರ್ಧೆಗಳಲ್ಲಿ ಮಕ್ಕಳನ್ನು ವಯಸ್ಸಿಗೆ ಒಪ್ಪದ ರೀತಿಯಲ್ಲಿ ತೋರಿಸಬಾರದೆಂದು ವಾಹಿನಿಗಳಿಗೆ ಸೂಚಿಸಿತು. ನಿಯಮಗಳು ಕಾಣಲಾರದ ಸೂಕ್ಷ್ಮಗಳನ್ನು ಕಾಯುವವರು ವೇದಿಕೆಯ ಮೇಲಿನ ನಿರೂಪಕ ಮತ್ತು ಮನೆಯಲ್ಲಿರುವ ಪ್ರೇಕ್ಷಕ, ಇವರಿಬ್ಬರೇ.

ನಿರೂಪಕಿಯರ ವಿಷಯದಲ್ಲಿ ಅಭಿಪ್ರಾಯದ ತಕ್ಕಡಿ ವಾಲುವುದನ್ನೂ ಹೇಳಬೇಕು. ಗಂಡಸು ಗಟ್ಟಿಯಾಗಿ ಮಾತನಾಡಿದರೆ ಉತ್ಸಾಹವೆಂದೂ ಹೆಣ್ಣು ಗಟ್ಟಿಯಾಗಿ ಮಾತನಾಡಿದರೆ ಅಬ್ಬರವೆಂದೂ ಕರೆಯುವುದು ರೂಢಿಯಾಗಿದೆ. ಅವಳ ನುಡಿಗಿಂತ ಮೊದಲು ಅವಳ ಉಡುಪು ತೂಕಕ್ಕೆ ಬರುತ್ತದೆ. ನಿರೂಪಣೆಯ ಶ್ರಮವನ್ನು, ಎಂದರೆ ಗಂಟೆಗಟ್ಟಲೆ ನಿಂತು, ಹಲವು ಸ್ಪರ್ಧಿಗಳ ಹೆಸರು, ಊರು, ಹಾಡುಗಳನ್ನು ನೆನಪಿನಲ್ಲಿಟ್ಟು, ಸೋತವರನ್ನೂ ಗೆದ್ದವರನ್ನೂ ಸಮವಾಗಿ ಕಾಣುವ ಶ್ರಮವನ್ನು, ಇಂತಹ ಮಾತುಗಳು ಗಮನಿಸುವುದೇ ಇಲ್ಲ. ಇದನ್ನು ವಿಮರ್ಶೆಯೆಂದು ಒಪ್ಪಲಾಗದು.

೮. ಉಪಸಂಹಾರ

ಅಭಿಪ್ರಾಯವನ್ನು ಹೊತ್ತೊಯ್ಯುವ ವಾಹಕಗಳು ಬದಲಾಗುತ್ತ ಬಂದಿವೆ. ರೇಡಿಯೊದ ಕಾಲದಲ್ಲಿ ಕೇಳುಗರು ಪತ್ರ ಬರೆದರು. ದೂರದರ್ಶನದ ‘ಸುರಭಿ’ ಕಾರ್ಯಕ್ರಮಕ್ಕೆ, ನಿರೂಪಕರಾದ ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ಅವರ ಹೆಸರಿಗೆ, ಲಕ್ಷಗಟ್ಟಲೆ ಅಂಚೆಕಾರ್ಡುಗಳು ಬಂದವು. ೨೦೦೪ರ ಅನಂತರ ಮೊಬೈಲಿನ ಸಂದೇಶ ಆ ಸ್ಥಾನವನ್ನು ಪಡೆಯಿತು. ಕಾರ್ಡಿನಲ್ಲಿ ಕಾರಣವನ್ನು ಬರೆಯಲು ಸ್ಥಳವಿತ್ತು. ಮತದ ಸಂದೇಶದಲ್ಲಿ ಸ್ಪರ್ಧಿಯ ಸಂಖ್ಯೆಗೆ ಮಾತ್ರ ಸ್ಥಳ. ಟಿ.ಆರ್.ಪಿ. ಎಂಬ ಅಳತೆಯಾದರೋ ಎಷ್ಟು ಮಂದಿ ನೋಡಿದರೆಂಬುದನ್ನು ಹೇಳುತ್ತದೆ. ಏಕೆ ನೋಡಿದರು, ಏನನ್ನು ಮೆಚ್ಚಿದರು ಎಂಬುದನ್ನು ಹೇಳುವುದಿಲ್ಲ. ಬೇಸರದಿಂದ ನೋಡಿದವನೂ ಮೆಚ್ಚಿ ನೋಡಿದವನೂ ಆ ಲೆಕ್ಕದಲ್ಲಿ ಒಂದೇ.

ಇಲ್ಲಿಯವರೆಗಿನ ವಿವೇಚನೆಯಿಂದ ಕೆಲವು ಅಂಶಗಳನ್ನು ಸಂಗ್ರಹಿಸಿ ಹೇಳಬಹುದು. ಹೊಸ ನಿರೂಪಕನನ್ನು ಕುರಿತ ಪ್ರೇಕ್ಷಕಾಭಿಪ್ರಾಯವು ನುಡಿ, ಅರ್ಹತೆ, ಅಂತಃಕರಣಗಳೆಂಬ ಮೂರು ಮಾನದಂಡಗಳನ್ನು ಅವಲಂಬಿಸಿದೆ. ಇವುಗಳಲ್ಲಿ ಕೊನೆಯದು ಮಿಕ್ಕವುಗಳಿಗಿಂತ ಬಲವಾದುದು. ಹಳಬನು ಗುರುವೋ, ಗೆಳೆಯನೋ, ಸೇತುವೆಯೋ ಎಂಬುದನ್ನು ಅವಲಂಬಿಸಿ ಹೊಸಬನ ದಾರಿ ಸುಗಮವೋ ದುರ್ಗಮವೋ ಆಗುತ್ತದೆ. ಪ್ರೇಕ್ಷಕರ ನುಡಿಪ್ರಜ್ಞೆ ಸಾಮಾನ್ಯವಾಗಿ ಸೂಕ್ಷ್ಮವಾಗಿದ್ದರೂ ಪ್ರಾದೇಶಿಕ ಆಡುನುಡಿಗಳ ಮತ್ತು ನಿರೂಪಕಿಯರ ವಿಷಯದಲ್ಲಿ ಅದು ಎಡವುತ್ತದೆ. ವ್ಯಕ್ತಿಯ ದೋಷವನ್ನೂ ವ್ಯವಸ್ಥೆಯ ದೋಷವನ್ನೂ ಬೇರ್ಪಡಿಸದ ಅಭಿಪ್ರಾಯವು ಒಬ್ಬರ ಮನಸ್ಸನ್ನು ನೋಯಿಸಿ ಮುಗಿಯುತ್ತದೆ; ಬೇರ್ಪಡಿಸಿ ನೋಡುವ ಅಭಿಪ್ರಾಯವು ಕಾರ್ಯಕ್ರಮವನ್ನು ತಿದ್ದಬಲ್ಲದು.

ಕನ್ನಡ ವಿಭಾಗಗಳ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳಷ್ಟಿದೆ. ಒಂದೇ ಕಾರ್ಯಕ್ರಮವನ್ನು ನೋಡುವ ಮುಂಬಯಿಯ, ಹೈದರಾಬಾದಿನ, ಬೆಂಗಳೂರಿನ, ಬೆಳಗಾವಿಯ ಮನೆಗಳಲ್ಲಿ ಮೂರು ತಲೆಮಾರಿನವರು ಆಡುವ ಮಾತುಗಳನ್ನು, ಜಾನಪದ ಸಂಗ್ರಹಕಾರರ ಶ್ರದ್ಧೆಯಿಂದ, ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಯಾವ ಪದ ಚುಚ್ಚಿತು, ಯಾವ ಸಂಬೋಧನೆ ಹಿತವೆನಿಸಿತು, ಮಗು ಯಾವ ಹೊಸ ಕನ್ನಡ ಪದವನ್ನು ನಿರೂಪಕನಿಂದ ಕಲಿತಿತು ಎಂಬ ವಿವರಗಳು ದೊರೆತರೆ ಇಂದಿನ ಕನ್ನಡದ ನಡೆಯನ್ನು ಅರಿಯಲು ಅವು ಬೆಲೆಯುಳ್ಳ ಸಾಮಗ್ರಿಯಾಗುತ್ತವೆ. ಹಾಡಿನ ಸ್ಪರ್ಧೆ ಮುಗಿದು ಗೆದ್ದವರ ಹೆಸರು ಮರೆತುಹೋದ ಮೇಲೆಯೂ ಆ ಮಾತುಗಳು ಅಧ್ಯಯನಕ್ಕೆ ಒದಗುತ್ತವೆ.